ಅಮ್ಮನನ್ನು ಕರೆಸಿಕೊಳ್ಳುವ ಮುನ್ನ

ಊರಲ್ಲಿರುವ ತಂದೆಗೋ ತಾಯಿಗೋ ಮರೆವಿನ ಕಾಯಿಲೆ ಎಂದು ಗೊತ್ತಾದ ಕೂಡಲೇ ಹೊರರಾಜ್ಯದಲ್ಲಿರುವ ನಮ್ಮಂಥವರು ಮೊದಲು ಆಡುವ ಮಾತು, 'ಇಲ್ಲಿಗೇ ಕರೆದುಕೊಂಡು ಬಂದುಬಿಡೋಣ'. ಪ್ರೀತಿಯ ಮಾತೇ ಅದು. ಆದರೆ ಹಾಗೆ ಕರೆತರುವಾಗ ಅವರಿಂದ ಏನನ್ನು ಕಿತ್ತುಕೊಳ್ಳುತ್ತಿದ್ದೇವೆ ಎಂಬ ಲೆಕ್ಕ ಹಾಕುವವರು ಕಡಿಮೆ.

2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದರ ಅಂದಾಜಿನಂತೆ ದೇಶದಲ್ಲಿ 60 ದಾಟಿದವರ ಪೈಕಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಇದೆ. 'ಅರವತ್ತಕ್ಕೆ ಅರಳುಮರಳು' ಎಂದು ನಕ್ಕು ಸುಮ್ಮನಾಗುವ ವಿಷಯವಲ್ಲ, ಇದು ಮಿದುಳಿನ ಕಾಯಿಲೆ. ಅಲ್ಝೈಮರ್‌ನಲ್ಲಿ ಸಾಮಾನ್ಯವಾಗಿ ಮೊದಲು ಏಟು ಬೀಳುವುದು ಹೊಸ ನೆನಪುಗಳಿಗೆ. ಬೆಳಿಗ್ಗೆ ತಿಂದ ತಿಂಡಿ ಮರೆತಿರುತ್ತದೆ, ನಲವತ್ತು ವರ್ಷ ಹಿಂದಿನ ಮದುವೆ ನೆನಪಿರುತ್ತದೆ. ಕೈಗೆ ರೂಢಿಯಾದ ಕೆಲಸ, ಎಳೆಯ ವಯಸ್ಸಿನ ಹಾಡು, ಮೊದಲು ಕಲಿತ ಭಾಷೆ ಹೆಚ್ಚು ಕಾಲ ಉಳಿಯುತ್ತವೆ. ಹಳೆಯ ಮನೆಯಲ್ಲಾದರೆ ಕತ್ತಲಲ್ಲೂ ಕಾಲು ತಾನಾಗಿ ಬಚ್ಚಲ ಕಡೆ ನಡೆಯುತ್ತದೆ. ಹೊಸ ಫ್ಲ್ಯಾಟಿನಲ್ಲಿ ಅದನ್ನು ದಿನವೂ ಹೊಸದಾಗಿ ಹುಡುಕಬೇಕು.

ಹಾವೇರಿ ಕಡೆಯ ನನ್ನ ದೊಡ್ಡವ್ವ ಪುಣೆಯ ನಮ್ಮ ಮನೆಯಲ್ಲಿ ಎರಡು ತಿಂಗಳು ಇದ್ದರು. ಹಗಲು ನೋಡಿಕೊಳ್ಳಲು ಬರುತ್ತಿದ್ದಾಕೆ ಒಳ್ಳೆಯ ಹೆಂಗಸು, ಆದರೆ ಮರಾಠಿ ಬಿಟ್ಟು ಬೇರೆ ಬಾರದು. ದೊಡ್ಡವ್ವ ನೀರು ಕೇಳಿದರೆ ಆಕೆ ಊಟ ತರುವಳು, ಇವರು ಸಿಟ್ಟಿನಿಂದ ತಟ್ಟೆ ತಳ್ಳುವರು. 'ಹಟ ಜಾಸ್ತಿಯಾಗಿದೆ' ಎಂದು ಸಂಜೆ ನಮಗೆ ವರದಿ. ಅದೇ ಸೊಸೈಟಿಗೆ ಅಡುಗೆ ಕೆಲಸಕ್ಕೆ ಬರುವ ವಿಜಯಪುರದ ಹೆಣ್ಣುಮಗಳೊಬ್ಬಳು ಮಧ್ಯಾಹ್ನ ಅರ್ಧ ತಾಸು ಬಂದು ಕೂರತೊಡಗಿದಳು. 'ಏನ್ ಮಾಡಾಕ್ಹತ್ತೀರಿ ಆಯಿ' ಎಂದರೆ ಸಾಕು, ಹೊಲ, ಎತ್ತು, ಮೆಣಸಿನಕಾಯಿ ರೇಟು ಎಲ್ಲ ಬರುತ್ತಿತ್ತು. ಹೆಸರುಗಳು ಒಂದೂ ಸರಿಯಿರುತ್ತಿರಲಿಲ್ಲ, ಇರಲಿ. ಅಂದು ತಟ್ಟೆ ಖಾಲಿಯಾಗುತ್ತಿತ್ತು. ಹಟ ಎನಿಸಿಕೊಂಡಿದ್ದರಲ್ಲಿ ಒಂದು ಪಾಲು, ಹೇಳಿದ್ದು ಯಾರಿಗೂ ತಿಳಿಯದ ಸಂಕಟ.

ತಪಾಸಣೆಗೂ ಈ ಮಾತು ಅನ್ವಯಿಸುತ್ತದೆ. ನೆನಪಿನ ಪರೀಕ್ಷೆ ಬಹುಪಾಲು ಮಾತಿನ ಪರೀಕ್ಷೆ. ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಕೇಳಿದರೆ ನಮ್ಮ ಹಿರಿಯರಿಗೆ ಕಾಯಿಲೆ ಇಲ್ಲದಿದ್ದರೂ ಅಂಕ ಕಡಿಮೆ ಬಂದೀತು. ಐಸಿಎಂಆರ್ ಸಿದ್ಧಪಡಿಸಿದ ಪರೀಕ್ಷೆಗಳು ಕನ್ನಡದಲ್ಲೂ ಇವೆ. ನಿಮ್ಹಾನ್ಸ್ ಜೊತೆ ರಾಜ್ಯ ಸರ್ಕಾರ 2022ರಲ್ಲಿ ಶುರು ಮಾಡಿದ ಮಿದುಳು ಆರೋಗ್ಯ ಕಾರ್ಯಕ್ರಮದಡಿ ಜಿಲ್ಲಾ ಆಸ್ಪತ್ರೆಗಳಲ್ಲೂ ಕ್ಲಿನಿಕ್‌ಗಳು ಬಂದಿವೆ. ರಜೆಯಲ್ಲಿ ಊರಿಗೆ ಹೋದಾಗ ಅಲ್ಲೇ ತೋರಿಸುವುದು ಮೇಲು.

ಊರಲ್ಲೇ ಇರಲಿ ಎಂದರೆ ಅಣ್ಣನ ಹೆಂಡತಿಯ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವುದಲ್ಲ. ನಮ್ಮ ಕುಟುಂಬಗಳಲ್ಲಿ ನಡೆಯುತ್ತಿರುವುದು ಹೆಚ್ಚಾಗಿ ಅದೇ, ಮತ್ತು ಅದು ಅನ್ಯಾಯ. ರಾತ್ರಿಯಿಡೀ ಎದ್ದಿರುವ ಆಕೆಗೆ ನಾವು ವಿಡಿಯೊ ಕಾಲ್‌ನಲ್ಲಿ ಸಲಹೆ ಕೊಡುತ್ತೇವೆ! ಸಲಹೆಗಿಂತ ಆಕೆಗೆ ಬೇಕಾದದ್ದು ರಾತ್ರಿ ಪಾಳಿಗೆ ಇನ್ನೊಬ್ಬರ ಸಂಬಳ ಮತ್ತು ತಿಂಗಳಲ್ಲಿ ಕೆಲವು ದಿನ ಬಿಡುವು. ವರ್ಕ್ ಫ್ರಮ್ ಹೋಮ್ ಸಿಗುವ ನಮಗೆ ಇದು ಅಸಾಧ್ಯವೇನಲ್ಲ.

ಊರಲ್ಲಿ ಯಾರೂ ಇಲ್ಲದೆ ಕರೆತರಲೇಬೇಕಾದವರೂ ಇದ್ದಾರೆ. ಅಂಥವರು ಕಾಯಿಲೆ ಬಲಿಯುವ ಮೊದಲೇ ಕರೆತರಲಿ, ಹಳೆಯ ಕೌದಿ, ಹಿತ್ತಾಳೆ ಲೋಟ ಜೊತೆಗೆ ಬರಲಿ. ಗೇಟು ದಾಟಿ ಹೋದರೆ ವಿಳಾಸ ಹೇಳಲಾರರು. ಹೆಸರು, ಫೋನ್ ನಂಬರು ಸ್ಥಳೀಯ ಭಾಷೆಯಲ್ಲೂ ಬರೆದ ಪಟ್ಟಿಯೊಂದು ಕೈಯಲ್ಲಿರಲಿ. ದಿನಕ್ಕೊಮ್ಮೆಯಾದರೂ ಕನ್ನಡದವರೊಬ್ಬರು ಬಂದು ಮಾತಾಡುವ ಏರ್ಪಾಡು ಬೇಕು. ಮುಂಬೈ, ಹೈದರಾಬಾದ್, ದೆಹಲಿಗಳಲ್ಲಿ ರಾಜ್ಯೋತ್ಸವಕ್ಕೆ ಪೆಂಡಾಲ್ ಹಾಕುವ ಕನ್ನಡ ಸಂಘಗಳಿಗೆ ಅಂಥ ನಾಲ್ಕು ಜನರನ್ನು ಹೊಂದಿಸುವುದು ಕಷ್ಟವಾಗದು.