ಸ್ಟಾರ್ ಎಣಿಸುವ ಮೊದಲು ಯುನಿಟ್ ಎಣಿಸಿ

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಇಂಧನ ದಕ್ಷತಾ ಬ್ಯೂರೊ (ಬಿಇಇ) ಚೆನ್ನಾಗಿ ಗೊತ್ತು. 2001ರ ಇಂಧನ ಸಂರಕ್ಷಣಾ ಕಾಯ್ದೆ, 2002ರಲ್ಲಿ ಬ್ಯೂರೊ ಸ್ಥಾಪನೆ, 2006ರಲ್ಲಿ ಸ್ಟಾರ್ ಲೇಬಲ್ ಎಲ್ಲವೂ ಬಾಯಿಪಾಠ. ಆದರೆ ಅದೇ ಲೇಬಲ್ ಅಂಟಿಸಿದ ಎ.ಸಿ. ಮನೆಗೆ ಬಂದರೆ ತಿಂಗಳ ಬಿಲ್ ಎಷ್ಟು ಏರುತ್ತದೆ ಎಂದು ಕೇಳಿದರೆ ಉತ್ತರ ಸಿಗುವುದು ಕಷ್ಟ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಹೆಂಚಿನ ಮನೆಗಳಿಗೆ ಒಂದು ಕಾಲದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಈಗ ತಾರಸಿ ಮನೆಗಳು ಬಂದಿವೆ. ಕೋವಿಡ್ ನಂತರ ಊರಿನಿಂದಲೇ ಕಂಪನಿ ಕೆಲಸ ಮಾಡುವವರೂ ಇದ್ದಾರೆ. ಮಾರ್ಚ್‌ನಿಂದ ಮೇವರೆಗಿನ ಸೆಕೆಯಲ್ಲಿ ಎ.ಸಿ. ಮಾತು ಘಟ್ಟದ ಮೇಲೂ ಕೇಳುತ್ತಿದೆ.

ಲೆಕ್ಕ ಕಷ್ಟವಿಲ್ಲ. ಎ.ಸಿ. ಲೇಬಲ್‌ನಲ್ಲಿ ವರ್ಷದ ಬಳಕೆ ಎಷ್ಟು ಯುನಿಟ್ ಎಂದು ಬರೆದಿರುತ್ತದೆ. ಅದು ವರ್ಷಕ್ಕೆ 1,600 ಗಂಟೆ ಓಡಿಸಿದರೆ ಎಂಬ ಲೆಕ್ಕ. ಆ ಸಂಖ್ಯೆಯನ್ನು 1,600ರಿಂದ ಭಾಗಿಸಿ, ನೀವು ತಿಂಗಳಿಗೆ ಓಡಿಸುವ ಗಂಟೆಗಳಿಂದ ಗುಣಿಸಿ. ಉದಾಹರಣೆಗೆ, ಒಂದರ ಮೇಲೆ 1,000, ಇನ್ನೊಂದರ ಮೇಲೆ 750 ಇದೆ ಎನ್ನೋಣ. ದಿನಕ್ಕೆ ಐದು ತಾಸಿನಂತೆ ತಿಂಗಳಿಗೆ ಮೊದಲನೆಯದು ಸುಮಾರು 94 ಯುನಿಟ್, ಎರಡನೆಯದು 70. ವ್ಯತ್ಯಾಸ 24 ಯುನಿಟ್. ಯುನಿಟ್‌ಗೆ ಆರು ರೂಪಾಯಿ ಹಿಡಿದರೆ ತಿಂಗಳಿಗೆ 144 ರೂಪಾಯಿ. ಇಷ್ಟಕ್ಕಾಗಿ ಅಂಗಡಿಯಲ್ಲಿ ಸಾವಿರಾರು ರೂಪಾಯಿ ಹೆಚ್ಚು ಕೊಡಬೇಕೇ?

ಇಲ್ಲಿ ಗೃಹಜ್ಯೋತಿ ಲೆಕ್ಕವನ್ನೇ ಬದಲಿಸುತ್ತದೆ. 2023ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಈ ಯೋಜನೆಯಲ್ಲಿ ಎಲ್ಲರಿಗೂ 200 ಯುನಿಟ್ ಉಚಿತವಲ್ಲ. 2022–23ರ ಸರಾಸರಿ ಬಳಕೆಯ ಮೇಲೆ ಶೇ 10 ಸೇರಿಸಿದಷ್ಟು ಮಾತ್ರ ಉಚಿತ. ಅದನ್ನು ಮೀರಿದರೆ ಮೀರಿದ್ದಕ್ಕೆ ಹಣ, 200 ಮೀರಿದರೆ ಪೂರ್ತಿ ಬಿಲ್.

ಸರಾಸರಿ 120 ಯುನಿಟ್ ಬಳಸುವ ಮನೆಗೆ 132 ಯುನಿಟ್ ಉಚಿತ. ಅಲ್ಲಿ 70 ಯುನಿಟ್‌ನ ಎ.ಸಿ. ಬಂದರೆ ಒಟ್ಟು 190. ಹೆಚ್ಚುವರಿ 58 ಯುನಿಟ್‌ಗೆ 348 ರೂಪಾಯಿ. 94 ಯುನಿಟ್‌ನದು ಬಂದರೆ ಒಟ್ಟು 214, ಅಷ್ಟಕ್ಕೂ ಹಣ, ಅಂದರೆ 1,284 ರೂಪಾಯಿ. ನಿಗದಿತ ಶುಲ್ಕ, ತೆರಿಗೆ ಬೇರೆ. 24 ಯುನಿಟ್‌ನ ವ್ಯತ್ಯಾಸಕ್ಕೆ 936 ರೂಪಾಯಿ! ಅದೇ ಎ.ಸಿ. ಇನ್ನೊಂದು ಮನೆಯಲ್ಲಿ 144 ರೂಪಾಯಿಯನ್ನಷ್ಟೇ ಉಳಿಸೀತು. ಹಾಗಾಗಿ ಸ್ಟಾರ್‌ನ ಬೆಲೆ ಅಂಗಡಿಯಲ್ಲಿ ತೀರ್ಮಾನವಾಗುವುದಿಲ್ಲ, ನಿಮ್ಮ ಹೆಸ್ಕಾಂ ಬಿಲ್‌ನಲ್ಲಿ ತೀರ್ಮಾನವಾಗುತ್ತದೆ.

ಗೀಸರ್ ಕತೆ ಬೇರೆ. ಅದರ ಸ್ಟಾರ್ ಹೇಳುವುದು ಕಾದ ನೀರು ಟ್ಯಾಂಕಿನಲ್ಲಿ ನಿಂತಾಗ ಎಷ್ಟು ಶಾಖ ಸೋರುತ್ತದೆ ಎಂದಷ್ಟೆ. ಹದಿನೈದು ಲೀಟರ್‌ನ ಒಂದು ಬಕೆಟ್ ನೀರನ್ನು 30 ಡಿಗ್ರಿಯಷ್ಟು ಕಾಯಿಸಲು ಯಾವ ಗೀಸರ್ ಆದರೂ ಅರ್ಧ ಯುನಿಟ್ ಬೇಕೇ ಬೇಕು. ನಾಲ್ಕು ಜನ ದಿನಕ್ಕೊಂದು ಬಕೆಟ್ ಬಳಸಿದರೆ ತಿಂಗಳಿಗೆ 60 ಯುನಿಟ್. ಬಚ್ಚಲ ಒಲೆಗೆ ಅಡಿಕೆ ಸಿಪ್ಪೆ ಹಾಕಿ ಹಂಡೆ ಕಾಯಿಸುವ ಮನೆ ಉಳಿಸುತ್ತಿರುವುದು ಇಷ್ಟನ್ನು. ಬಿಸಿಲಿನ ತಿಂಗಳಲ್ಲಿ ಸೋಲಾರ್ ಆಗುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಅದನ್ನೇ ನಂಬಿ ಕೂರುವಂತಿಲ್ಲ.

ಬಾಡಿಗೆ ಕೋಣೆಯಲ್ಲಿರುವ ವಿದ್ಯಾರ್ಥಿಗೆ ಸುಲಭದ ದಾರಿ ಫ್ಯಾನ್. 75 ವಾಟ್‌ನ ಹಳೆಯ ಫ್ಯಾನ್ ದಿನಕ್ಕೆ ಹತ್ತು ತಾಸು ತಿರುಗಿದರೆ ತಿಂಗಳಿಗೆ ಇಪ್ಪತ್ತೆರಡೂವರೆ ಯುನಿಟ್. 30 ವಾಟ್‌ನ ಬಿಎಲ್‌ಡಿಸಿ ಫ್ಯಾನ್‌ಗೆ 9 ಯುನಿಟ್ ಸಾಕು. 2023ರ ಜನವರಿಯಿಂದ ಸೀಲಿಂಗ್ ಫ್ಯಾನ್‌ಗೂ ಸ್ಟಾರ್ ಲೇಬಲ್ ಕಡ್ಡಾಯ.

ಗೃಹಜ್ಯೋತಿಯಿಂದ ಬಡ ಕುಟುಂಬಗಳಿಗೆ ನಿಜಕ್ಕೂ ಉಸಿರಾಡುವಂತಾಗಿದೆ. ಆದರೆ ಹಳೆಯ ಸರಾಸರಿಯೇ ಅಳತೆಗೋಲಾದಾಗ ಅಂದು ಧಾರಾಳವಾಗಿ ಉರಿಸಿದವರಿಗೆ ಹೆಚ್ಚು ಉಚಿತ, ಹಿಡಿತದಲ್ಲಿ ಬಳಸಿದವರಿಗೆ ಕಡಿಮೆ. ಶೂನ್ಯ ಬಿಲ್ ಬರುವ ಮನೆಗೆ ಹಳೆ ಫ್ಯಾನ್ ಬದಲಿಸುವ ತುರ್ತೂ ಇಲ್ಲ. 48 ಯುನಿಟ್‌ಗಿಂತ ಕಡಿಮೆ ಸರಾಸರಿಯವರಿಗೆ ಶೇ 10ರ ಬದಲು 10 ಯುನಿಟ್ ಕೊಡಲು ಸರ್ಕಾರ 2024ರಲ್ಲಿ ನಿರ್ಧರಿಸಿತು. ಮುಂದಿನ ಹೆಜ್ಜೆಯಾಗಿ, ಉಳಿಸಿದವರಿಗೂ ಏನಾದರೂ ಸಿಗುವಂತಾಗಬೇಕು. ಹಳೆ ಫ್ಯಾನ್ ಕೊಟ್ಟು ಹೊಸದನ್ನು ರಿಯಾಯಿತಿಯಲ್ಲಿ ಪಡೆಯುವ ವ್ಯವಸ್ಥೆ ಬಂದರೂ ಸಾಕು.

ಯುನಿಟ್ ಎಲ್ಲಿಂದ ಬರುತ್ತದೆ ಎಂಬುದು ನಮ್ಮ ಜಿಲ್ಲೆಗೆ ಹೇಳಿಕೊಡಬೇಕಿಲ್ಲ. ಕಾಳಿ ನದಿಗೆ ಸೂಪಾದಿಂದ ಯಲ್ಲಾಪುರ ತಾಲ್ಲೂಕಿನ ಕೊಡಸಳ್ಳಿವರೆಗೆ, ಕದ್ರಾವರೆಗೆ ಅಣೆಕಟ್ಟುಗಳಿವೆ. ಬೇಡ್ತಿ ಜಲವಿದ್ಯುತ್ ಯೋಜನೆಯನ್ನು ಈ ಭಾಗದ ಜನ ಹೋರಾಡಿ ತಡೆದರು. ಕಾಡು, ತೋಟ ಉಳಿಯಲಿ ಎನ್ನುವ ನಾವು ಸ್ವಿಚ್ ಒತ್ತುವಾಗಲೂ ಅದನ್ನು ನೆನೆಯಬೇಕಲ್ಲವೇ? ಇಂದೇ ಮನೆಯ ಬಿಲ್ ತೆಗೆದು ಎರಡು ಸಂಖ್ಯೆ ನೋಡಿ: ನಿಮಗೆ ಉಚಿತ ಎಷ್ಟು, ನೀವು ಬಳಸಿದ್ದೆಷ್ಟು. ಅಂಗಡಿಗೆ ಆಮೇಲೆ ಹೋದರಾಯಿತು.