ಹದಿಮೂರೂವರೆ ಡಿಗ್ರಿಯ ನೆಂಟಸ್ತನ

ನಮ್ಮ ದಿಬ್ಬೂರಹಳ್ಳಿಯ ಬಸ್ ನಿಲ್ದಾಣದಲ್ಲಿ ನಿಂತು, ಪಶ್ಚಿಮಕ್ಕೆ ಮುಖ ಮಾಡಿ, ಎಡಕ್ಕೂ ಬಲಕ್ಕೂ ವಾಲದೆ ನೆಟ್ಟಗೆ ಹೋದರೆ ಎಲ್ಲಿಗೆ ತಲುಪುತ್ತೀರಿ? ಪ್ರತಿ ವರ್ಷ ಎಂಟನೇ ತರಗತಿಯ ಮಕ್ಕಳಿಗೆ ನಾನು ಈ ಪ್ರಶ್ನೆ ಕೇಳುತ್ತೇನೆ. "ಗೌರಿಬಿದನೂರಿಗೆ ಸಾರ್" ಎನ್ನುತ್ತಾರೆ ಕೆಲವರು. ಬುದ್ಧಿವಂತನೊಬ್ಬ ಸಮುದ್ರದವರೆಗೂ ಹೋಗುತ್ತಾನೆ. ಆಗ ಅಟ್ಲಾಸ್ ಬಿಚ್ಚಿ ಅಡ್ಡಪಟ್ಟಿ ಇಡುತ್ತೇನೆ. ನಮ್ಮದು ಸುಮಾರು ಹದಿಮೂರೂವರೆ ಡಿಗ್ರಿ ಉತ್ತರ ಅಕ್ಷಾಂಶ. ಅಡ್ಡಪಟ್ಟಿ ಉಡುಪಿ, ಕುಂದಾಪುರಗಳ ನಡುವೆ ಕಡಲಿಗಿಳಿದು, ಅರಬ್ಬಿ ಸಮುದ್ರ ದಾಟಿ, ಬಾಬಾಬುಡನ್ ಅವರು ಕಾಫಿಬೀಜ ತಂದರೆಂದು ಹೇಳುವ ಯೆಮನ್‌ನ ಮೋಖಾ ಬಂದರಿನ ಪಕ್ಕದಲ್ಲೇ ಹಾದು, ಕೆಂಪು ಸಮುದ್ರ ದಾಟಿ ಇಥಿಯೋಪಿಯಾದ ಒಂದು ಊರಿನ ಮೇಲೆ ಬೀಳುತ್ತದೆ. ಆ ಊರ ಹೆಸರು ಮೆಕೆಲೆ. ಟಿಗ್ರೆ ಎಂಬ ಸೀಮೆಯ ರಾಜಧಾನಿ.

ಈ ಊರು ನನಗೆ ಗೊತ್ತಾದದ್ದು ಭೂಗೋಳದ ಪುಸ್ತಕದಿಂದಲ್ಲ. ನನ್ನ ಸ್ನೇಹಿತರೊಬ್ಬರು ಚಿಂತಾಮಣಿಯ ಕಡೆ ಇಂಗ್ಲಿಷ್ ಮೇಷ್ಟ್ರಾಗಿದ್ದವರು, 2008ರಲ್ಲಿ ಅಲ್ಲಿನ ವಿಶ್ವವಿದ್ಯಾಲಯಕ್ಕೆ ಪಾಠ ಹೇಳಲು ಹೋದರು. ಇಥಿಯೋಪಿಯಾಕ್ಕೆ ಭಾರತದ ಮೇಷ್ಟ್ರುಗಳು ಹೋಗುವುದು ಹೊಸದೇನಲ್ಲ. ಚಕ್ರವರ್ತಿ ಹೈಲೆ ಸೆಲಾಸಿಯ ಕಾಲದಲ್ಲೇ ಕೇರಳದಿಂದ, ನಮ್ಮ ಕಡೆಯಿಂದ ಎಷ್ಟೋ ಜನ ಅಲ್ಲಿನ ಶಾಲೆಗಳಿಗೆ ಹೋಗಿದ್ದರು. ಆದರೆ ನಮ್ಮೂರ ಕಡೆಯವರಿಗೆ ಫಾರಿನ್ ಎಂದರೆ ಅಮೆರಿಕ, ಇಲ್ಲವೇ ದುಬೈ. "ಆಫ್ರಿಕಾಕ್ಕಾ? ಯಾಕೆ, ಏನಾದ್ರೂ ತೊಂದ್ರೇನಾ?" ಎಂದು ಅವರನ್ನು ಬೀಳ್ಕೊಟ್ಟವರೇ ಹೆಚ್ಚು. ಅವರ ತಾಯಿ ಮಾತ್ರ ಕೇಳಬೇಕಾದ ಪ್ರಶ್ನೆ ಕೇಳಿದ್ದರು: "ಅಲ್ಲಿ ರಾಗಿ ಸಿಕ್ಕುತ್ತೇನಪ್ಪಾ?"

ಹೋದ ಮೊದಲ ವಾರದಲ್ಲೇ ನಮ್ಮ ಮೇಷ್ಟ್ರು ತರಗತಿ ತಪ್ಪಿಸಿಕೊಂಡರು. ಪಾಠ ಎರಡು ಗಂಟೆಗೆ ಎಂದು ಹುಡುಗರು ಹೇಳಿದ್ದರು. ಇವರು ಊಟ ಮುಗಿಸಿ, ಇಸ್ತ್ರಿ ಮಾಡಿದ ಷರಟು ತೊಟ್ಟು ಮಧ್ಯಾಹ್ನ ಎರಡಕ್ಕೆ ಹೋದರೆ ಕೋಣೆ ಖಾಲಿ. ಹುಡುಗರು ಬೆಳಿಗ್ಗೆ ಎಂಟಕ್ಕೇ ಬಂದು ಕಾದು ಹೋಗಿದ್ದರು. ಅಲ್ಲಿನವರ ದಿನ ಶುರುವಾಗುವುದು ನಡುರಾತ್ರಿಯಲ್ಲಲ್ಲ, ಹೊತ್ತು ಮೂಡುವಾಗ. ನಮ್ಮ ಬೆಳಗಿನ ಏಳು ಅವರಿಗೆ ಒಂದು ಗಂಟೆ, ನಮ್ಮ ಎಂಟು ಅವರಿಗೆ ಎರಡು. ಇವರು ಫೋನಿನಲ್ಲಿ ಇದನ್ನು ಹೇಳಿ ಪೇಚಾಡಿಕೊಂಡಾಗ ನಾನು ನಕ್ಕೆ. "ಮೇಷ್ಟ್ರೇ, ಪಂಚಾಂಗ ಮರೆತಿರಾ? ನಮ್ಮ ಹಿರಿಯರೂ ಸೂರ್ಯೋದಯದಿಂದ ತಾನೇ ಘಳಿಗೆ ಎಣಿಸುತ್ತಿದ್ದದ್ದು?" ಎಂದೆ. ದಿನಕ್ಕೆ ಅರವತ್ತು ಘಳಿಗೆ, ಒಂದೊಂದೂ ಇಪ್ಪತ್ತನಾಲ್ಕು ನಿಮಿಷ. ಆ ಲೆಕ್ಕವನ್ನು ನಾವು ಮದುವೆ ಮುಹೂರ್ತಕ್ಕೆ ಮಾತ್ರ ಉಳಿಸಿಕೊಂಡೆವು, ಅವರು ಬಸ್ಸಿಗೂ ಪಾಠಕ್ಕೂ ಉಳಿಸಿಕೊಂಡರು.

ಕ್ಯಾಲೆಂಡರೂ ಬೇರೆಯೇ. ಮೂವತ್ತು ದಿನದ ಹನ್ನೆರಡು ತಿಂಗಳು, ಕೊನೆಗೆ ಐದು ಅಥವಾ ಆರು ದಿನದ ಪಗುಮೆ ಎಂಬ ಹದಿಮೂರನೇ ಪುಟ್ಟ ತಿಂಗಳು. ಹೊಸ ವರ್ಷ ಸೆಪ್ಟೆಂಬರ್ 11ಕ್ಕೆ. ಕ್ರಿಸ್ತ ಹುಟ್ಟಿದ ವರ್ಷದ ಲೆಕ್ಕ ಬೇರೆಯಾದ್ದರಿಂದ ನಮಗಿಂತ ಏಳೆಂಟು ವರ್ಷ ಹಿಂದೆ. ಇವರು ಹೋದಾಗ ಅಲ್ಲಿ ಇನ್ನೂ 2001. "ಏಳು ವರ್ಷ ಚಿಕ್ಕವನಾದೆ, ಸಂಬಳ ಮಾತ್ರ ಇವತ್ತಿನದು" ಎಂದು ಬರೆದಿದ್ದರು.

ಕಷ್ಟವಾದದ್ದು ಪಾಠ. ನಮ್ಮ ಕಡೆ ಇಂಗ್ಲಿಷ್ ಪಾಠ ಹೇಗೆ ನಡೆಯುತ್ತದೆಂದು ನಿಮಗೆ ಗೊತ್ತಿದೆ. ಒಂದು ಸಾಲು ಇಂಗ್ಲಿಷಿನಲ್ಲಿ ಓದಿ, ಕನ್ನಡದಲ್ಲಿ ಅರ್ಥ ಹೇಳಿ, ಹಿಂದಿನ ಬೆಂಚಿನವರಿಗೆ ತೆಲುಗಿನಲ್ಲಿ ಗದರಿದರೆ ಪಾಠ ಮುಗಿಯಿತು. ಹನ್ನೆರಡು ವರ್ಷ ಹೀಗೆ ಕಲಿಸಿದವರು ಅಲ್ಲಿ ನಿಂತಾಗ ಊರುಗೋಲು ಕಿತ್ತುಕೊಂಡಂತಾಯಿತು. ಹುಡುಗರ ಮನೆಮಾತು ಟಿಗ್ರಿನ್ಯಾ, ಇವರಿಗೆ ಅದು ಬಾರದು. ತುಂತುರು ಮಳೆಗೂ ಜಡಿಮಳೆಗೂ ಇರುವ ವ್ಯತ್ಯಾಸ ಹೇಳಲು ಮೇಜಿನ ಮೇಲೆ ಬೆರಳು ಕುಟ್ಟಿ ತೋರಿಸಿದರಂತೆ. "ನಿಜವಾಗಿ ಇಂಗ್ಲಿಷ್ ಕಲಿಸಿದ್ದು ಆವಾಗಲೇ, ಕಲಿತದ್ದೂ ಆವಾಗಲೇ" ಎಂದು ಅವರು ಈಗಲೂ ಹೇಳುತ್ತಾರೆ.

ಒಬ್ಬ ವಿದ್ಯಾರ್ಥಿ ಇವರಿಗೆ ಅಲ್ಲಿನ ಲಿಪಿ ಕಲಿಸಲು ಕುಳಿತ. ಕಪ್ಪುಹಲಗೆಯ ಮೇಲೆ ಒಂದು ಅಕ್ಷರ ಬರೆದು ಹೇಳಿಸಿದ: ಹ, ಹು, ಹಿ, ಹಾ, ಹೇ, ಹ್, ಹೋ. ಅಕ್ಷರಕ್ಕೆ ಒಂದು ಕಾಲು, ಒಂದು ಕೊಂಬು, ಒಂದು ಸುರುಳಿ ಸೇರಿಸಿದರೆ ಸ್ವರ ಬದಲಾಗುತ್ತದೆ. ಮೇಷ್ಟ್ರಿಗೆ ಕಣ್ಣು ತುಂಬಿ ಬಂತಂತೆ. ಕಾಗುಣಿತ! ಸಮುದ್ರದಾಚೆಯ ಆ ಊರಿನಲ್ಲಿ ಮಕ್ಕಳು ಕಾಗುಣಿತ ಬಾಯಿಪಾಠ ಮಾಡುತ್ತಾ ಕುಳಿತಿದ್ದಾರೆ. ಮಾರನೆಯ ದಿನ ಇವರು ಅದೇ ಹಲಗೆಯ ಮೇಲೆ ಕನ್ನಡದ ಹ, ಹಾ, ಹಿ, ಹೀ ಬರೆದರು. ತರಗತಿಯೆಲ್ಲ ಒಟ್ಟಿಗೆ ಕೂಗಿತು.

ಇನ್ನು ತಾಯಿಯ ಪ್ರಶ್ನೆ. ಮೆಕೆಲೆ ಇರುವುದು ಸಮುದ್ರಮಟ್ಟದಿಂದ ಸುಮಾರು 2,250 ಮೀಟರ್ ಎತ್ತರದಲ್ಲಿ. ನಮ್ಮ ನಂದಿಬೆಟ್ಟದ ತುದಿಯೇ 1,478 ಮೀಟರ್. ಅಷ್ಟು ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆ, ನೀರು 92 ಡಿಗ್ರಿಯ ಆಸುಪಾಸಿಗೇ ಕುದಿಯುತ್ತದೆ. ಕುದಿಯುತ್ತದೆ, ಆದರೆ ಬೇಯಿಸುವುದಿಲ್ಲ. ಮೊದಲ ದಿನ ತೊಗರಿಬೇಳೆ ಒಂದೂವರೆ ಗಂಟೆ ಕುದಿದರೂ ಕಲ್ಲಿನಂತೆಯೇ ಇತ್ತು. "ನಿಮ್ಮ ವಿಜ್ಞಾನ ಏನು ಹೇಳುತ್ತೆ?" ಎಂದು ನನಗೆ ಫೋನು. ಕುಕ್ಕರ್ ಕೊಳ್ಳಿ ಎನ್ನುತ್ತದೆ ಎಂದೆ. ನಾನು ಇಪ್ಪತ್ತು ವರ್ಷ ಹೇಳಿದ ಪಾಠ ಒಬ್ಬರ ಹೊಟ್ಟೆಗೆ ಉಪಯೋಗವಾದದ್ದು ಅದೇ ಮೊದಲು.

ಅಲ್ಲಿನ ಮುಖ್ಯ ಊಟ ಇಂಜೆರಾ. ತೆಫ್ ಎಂಬ ಧಾನ್ಯದ ಹಿಟ್ಟನ್ನು ಎರಡು ಮೂರು ದಿನ ಹುಳಿ ಬರಿಸಿ, ಅಗಲವಾದ ಹೆಂಚಿನ ಮೇಲೆ ಸುತ್ತ ಹುಯ್ದು ಬೇಯಿಸಿದ ದೋಸೆ. ಮೈತುಂಬ ಕಣ್ಣು ಕಣ್ಣು. ತೆಫ್ ಕಾಳು ರಾಗಿಗಿಂತಲೂ ಸಣ್ಣದು, ಹುಲ್ಲಿನ ವಂಶದಲ್ಲಿ ರಾಗಿಗೆ ದಾಯಾದಿ. ನಮ್ಮ ಮೇಷ್ಟ್ರು ಮಾಂಸ ತಿನ್ನದವರು. ಅಲ್ಲಿನ ಕ್ರೈಸ್ತರು ಬುಧವಾರ, ಶುಕ್ರವಾರ ಉಪವಾಸವೆಂದು ಮಾಂಸ, ಮೊಟ್ಟೆ, ಹಾಲು ಮುಟ್ಟುವುದಿಲ್ಲವಾದ್ದರಿಂದ ಆ ಎರಡು ದಿನ ಎಲ್ಲಿ ಹೋದರೂ ಇವರಿಗೆ ಹಬ್ಬ. ಉಳಿದ ದಿನ "ನನಗೆ ಉಪವಾಸದ ಊಟ ಕೊಡಿ" ಎಂದು ಕೇಳುವರು. ಇವರು ಬಹಳ ದೈವಭಕ್ತರೆಂದು ಊರಲ್ಲಿ ಹೆಸರಾಯಿತು.

ಮೂರನೇ ತಿಂಗಳಲ್ಲಿ ಸಂತೆಯಲ್ಲಿ ಅಡ್ಡಾಡುವಾಗ ಒಂದು ಚೀಲದ ಮುಂದೆ ಇವರ ಕಾಲು ನಿಂತಿತು. ಕೆಂಪು, ದುಂಡು, ಸಣ್ಣ ಕಾಳು. ಕೈಯಲ್ಲಿ ಹಿಡಿದು ಮೂಸಿದರು. ರಾಗಿ! ಅಲ್ಲಿ ಅದಕ್ಕೆ ದಾಗುಸ ಎಂದು ಹೆಸರು, ಹೆಚ್ಚಾಗಿ ಮನೆಯಲ್ಲಿ ಹೆಂಡ ಕಟ್ಟಲು ಬಳಸುತ್ತಾರೆ. ಅಂದು ರಾತ್ರಿ ಮೆಕೆಲೆಯಲ್ಲಿ ಮುದ್ದೆ ಬೇಯಿತು. ತಾಯಿಗೆ ಹೇಳಿ ಎಂದು ನನಗೆ ಫೋನು ಬಂತು. ನಾನು ಆ ಅಮ್ಮನ ಮನೆಗೆ ಹೋಗಿ, "ಅಮ್ಮಾ, ರಾಗಿ ಸಿಕ್ಕುವುದೇನು, ರಾಗಿಯ ತವರುಮನೆಯೇ ಆ ಕಡೆ" ಎಂದೆ. ಅದು ನಿಜ. ರಾಗಿ ಮೊದಲು ಬೇಸಾಯಕ್ಕೆ ಬಂದದ್ದು ಇಥಿಯೋಪಿಯಾ, ಉಗಾಂಡಗಳ ಎತ್ತರದ ಸೀಮೆಯಲ್ಲಿ. ಸಾವಿರಾರು ವರ್ಷಗಳ ಹಿಂದೆ ಅದು ನಮ್ಮ ಕಡೆ ಬಂದಿತೆಂದು ಸಸ್ಯಶಾಸ್ತ್ರಜ್ಞರು ಹೇಳುತ್ತಾರೆ. ಆ ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ನಮ್ಮ ನೆಂಟ್ರೂರೇ ಅನ್ನು" ಎಂದರು.

ನೆಂಟಸ್ತನ ನೆಲದಲ್ಲೂ ಇತ್ತು. ನಮ್ಮಂತೆಯೇ ಮಳೆ ಕಡಿಮೆಯ ಕಲ್ಲುಸೀಮೆ, ನಮ್ಮಂತೆಯೇ ನೀಲಗಿರಿ ಮರಗಳು. ಆದರೆ ಅಲ್ಲಿನ ರೈತರು ವರ್ಷದಲ್ಲಿ ಕೆಲವು ದಿನ ಕೂಲಿಯಿಲ್ಲದೆ ಊರೊಟ್ಟಿನ ಕೆಲಸ ಮಾಡಿ, ಬೋಳುಗುಡ್ಡಗಳಿಗೆ ಕಲ್ಲಿನ ಬದು ಕಟ್ಟಿ ಮಣ್ಣು, ನೀರು ಹಿಡಿದರು. ಅಬ್ರಹಾ ವಾ ಅಟ್ಸ್‌ಬಹಾ ಎಂಬ ಹಳ್ಳಿಗೆ ಈ ಕೆಲಸಕ್ಕಾಗಿ 2012ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂತು. ಬತ್ತಿದ ಬಾವಿಗಳಲ್ಲಿ ನೀರು ಕಂಡಿತ್ತು. ಸಾವಿರ ಅಡಿ ದಾಟಿ ಕೊಳವೆಬಾವಿ ಕೊರೆಸಿದ ನಮಗೆ ಇದು ಕೇಳಿ ಮರೆಯುವ ಸುದ್ದಿಯಲ್ಲ.

ಒಂದೇ ಅಕ್ಷಾಂಶ ಎಂದು ತಿಳಿದ ಮೇಲೆ ನಾವಿಬ್ಬರೂ ಒಂದು ಆಟ ಹೂಡಿದೆವು. ನಮ್ಮ ಅಕ್ಷಾಂಶದಲ್ಲಿ ವರ್ಷಕ್ಕೆ ಎರಡು ದಿನ, ಏಪ್ರಿಲ್ ಕೊನೆಯ ವಾರದಲ್ಲೊಮ್ಮೆ, ಆಗಸ್ಟ್ ಮಧ್ಯದಲ್ಲೊಮ್ಮೆ, ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿಗೆ ಆಗ ನೆರಳೇ ಇರುವುದಿಲ್ಲ. ಆಗಸ್ಟಿನಲ್ಲಿ ಅಲ್ಲಿ ಮಳೆಗಾಲ, ಆದ್ದರಿಂದ ಏಪ್ರಿಲ್. ರಜೆಯಿದ್ದರೂ ನಾಲ್ಕಾರು ಮಕ್ಕಳನ್ನು ಕೂಡಿಸಿ ನಾನು ಶಾಲೆಯ ಅಂಗಳದಲ್ಲಿ ಕೋಲು ನಿಲ್ಲಿಸುತ್ತಿದ್ದೆ. ಹನ್ನೆರಡು ಗಂಟೆ ಹದಿನಾರು ನಿಮಿಷದ ಸುಮಾರಿಗೆ ನೆರಳು ಕೋಲಿನ ಬುಡದಲ್ಲಿ ಅಡಗುತ್ತದೆ. ಕೂಡಲೇ ಅವರಿಗೊಂದು ಮಿಸ್ಡ್ ಕಾಲ್. ಆಮೇಲೆ ಕಾಯುವುದು. ಒಂದು ರೇಖಾಂಶ ದಾಟಲು ಸೂರ್ಯನಿಗೆ ನಾಲ್ಕು ನಿಮಿಷ. ಮೂವತ್ತೆಂಟೂವರೆ ರೇಖಾಂಶಕ್ಕೆ ಎರಡು ಗಂಟೆ ಮೂವತ್ತನಾಲ್ಕು ನಿಮಿಷ. ಮಧ್ಯಾಹ್ನ ಎರಡು ಐವತ್ತಕ್ಕೆ ನನ್ನ ಫೋನು ಒಮ್ಮೆ ರಿಂಗಾಗಿ ನಿಲ್ಲುತ್ತಿತ್ತು. ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು. ಭೂಮಿ ತಿರುಗುತ್ತಿದೆ ಎಂಬುದಕ್ಕೆ ಇದಕ್ಕಿಂತ ಅಗ್ಗದ ಪ್ರಯೋಗ ನಾನು ಮಾಡಿಲ್ಲ.

2014ರಲ್ಲಿ ಮೇಷ್ಟ್ರು ಊರಿಗೆ ವಾಪಸು ಬಂದರು. ಆಟ ನಿಲ್ಲಲಿಲ್ಲ. ಕಾಗುಣಿತ ಕಲಿಸಿದ ಆ ಹುಡುಗ ಅಷ್ಟರಲ್ಲಿ ಮೆಕೆಲೆಯ ಒಂದು ಶಾಲೆಯಲ್ಲಿ ತಾನೇ ಮೇಷ್ಟ್ರಾಗಿದ್ದ. ಪ್ರತಿ ಏಪ್ರಿಲ್‌ನಲ್ಲಿ ಅವನು ಕೋಲು ನಿಲ್ಲಿಸಿ ನಮ್ಮ ಮೇಷ್ಟ್ರಿಗೆ ಮಿಸ್ಡ್ ಕಾಲ್ ಕೊಡುತ್ತಿದ್ದ. ಆ ದಿನ ಅವರು ಚಿಂತಾಮಣಿಯಿಂದ ಬಸ್ಸು ಹತ್ತಿ ನಮ್ಮ ಶಾಲೆಗೆ ಬಂದು ಕೂರುವರು.

2020ರ ನವೆಂಬರ್ 4ರಂದು ಟಿಗ್ರೆಯಲ್ಲಿ ಯುದ್ಧ ಶುರುವಾಯಿತು. ಎರಡು ವರ್ಷ ನಡೆದ ಆ ಯುದ್ಧದಲ್ಲಿ ಸತ್ತವರ ಅಂದಾಜು ಲಕ್ಷಗಳಲ್ಲಿದೆ. ನಮ್ಮ ಕಡೆಯ ಪತ್ರಿಕೆಗಳಲ್ಲಿ ಅದು ಒಳಪುಟದ ಸಣ್ಣ ಸುದ್ದಿ. ಕರೆಂಟು, ಬ್ಯಾಂಕು, ಫೋನು ಬಹುಕಾಲ ನಿಂತುಹೋದವು. ಮೇಷ್ಟ್ರು ತಮ್ಮ ಹಳೆಯ ಹಾಜರಿ ಪುಸ್ತಕ ತೆಗೆದು ಒಂದೊಂದೇ ನಂಬರಿಗೆ ಫೋನು ಮಾಡುವರು. ಯಾವುದೂ ಹತ್ತದು. 2022ರ ಏಪ್ರಿಲ್‌ನಲ್ಲಿ ನಾವು ಎಂದಿನಂತೆ ಕೋಲು ನಿಲ್ಲಿಸಿದೆವು. ನೆರಳು ಎಂದಿನಂತೆ ಅಡಗಿತು. ಎರಡು ಐವತ್ತಾಯಿತು, ಮೂರಾಯಿತು, ನಾಲ್ಕಾಯಿತು. ಮೇಷ್ಟ್ರು ಫೋನನ್ನು ಅಂಗೈಯಲ್ಲಿಟ್ಟುಕೊಂಡು ಬೆಂಚಿನ ಮೇಲೆ ಕೂತೇ ಇದ್ದರು. "ಅಲ್ಲಿ ಇವತ್ತು ಸೂರ್ಯ ಬರ್ಲಿಲ್ವಾ ಸಾರ್?" ಎಂದು ಆರನೇ ತರಗತಿಯ ಒಂದು ಹುಡುಗಿ ಕೇಳಿತು. ಬಂದಿರುತ್ತಾನಮ್ಮಾ ಎಂದೆ. ಅದಕ್ಕಿಂತ ಹೆಚ್ಚು ವಿಜ್ಞಾನ ನನಗೆ ತೋಚಲಿಲ್ಲ.

ಆ ವರ್ಷ ನವೆಂಬರ್ 2ರಂದು ಪ್ರಿಟೋರಿಯಾದಲ್ಲಿ ಕದನ ನಿಲ್ಲಿಸುವ ಒಪ್ಪಂದವಾಯಿತು. ಡಿಸೆಂಬರ್ ಕೊನೆಗೆ ಮೆಕೆಲೆಗೆ ಮತ್ತೆ ಫೋನು, ವಿಮಾನ ಬಂದವು. ಆದರೂ ಯಾವ ನಂಬರೂ ಉತ್ತರಿಸಲಿಲ್ಲ. 2023ರ ಏಪ್ರಿಲ್‌ನಲ್ಲಿ ಮೇಷ್ಟ್ರು, "ಈ ಸಲ ನಾನು ಬರೋದಿಲ್ಲ" ಎಂದರು. ಆಮೇಲೆ ಬಂದರು.

ಎರಡು ಗಂಟೆ ಐವತ್ತೆರಡಕ್ಕೆ ಅವರ ಫೋನು ರಿಂಗಾಯಿತು. ಒಮ್ಮೆ ರಿಂಗಾಗಿ ನಿಲ್ಲಲಿಲ್ಲ. ಆಗುತ್ತಲೇ ಇತ್ತು. ಮೇಷ್ಟ್ರು ಕೈ ನಡುಗಿಸುತ್ತಾ ಎತ್ತಿದರು. ಅವನೇ. ಶಾಲೆಯ ಕೋಣೆಗಳಲ್ಲಿ ಮನೆ ಕಳಕೊಂಡವರು ಇದ್ದಾರೆ, ಅಂಗಳದಲ್ಲಿ ಪಾಠ ಮಾಡುತ್ತೇನೆ, ತಿಂಗಳುಗಟ್ಟಲೆ ಸಂಬಳ ಬಂದಿಲ್ಲ, ಕೋಲು ಹುಡುಕುವುದು ಎರಡು ನಿಮಿಷ ತಡವಾಯಿತು ಎಂದ. ಮೇಷ್ಟ್ರು ಹಾಜರಿ ಪುಸ್ತಕದ ಒಂದೊಂದು ಹೆಸರು ಹಿಡಿದು ಕೇಳುತ್ತಾ ಹೋದರು. ಕೆಲವು ಹೆಸರಿಗೆ ಉತ್ತರ ಬಂತು. ಕೆಲವಕ್ಕೆ ಆ ಕಡೆಯಿಂದ ಮಾತಿರಲಿಲ್ಲ. ಮೇಷ್ಟ್ರು ಮತ್ತೆ ಕೇಳದೆ ಮುಂದಿನ ಹೆಸರಿಗೆ ಹೋಗುತ್ತಿದ್ದರು.

ಕೊನೆಗೆ ಅವನು ಫೋನನ್ನು ತನ್ನ ಮಕ್ಕಳ ಕೈಗೆ ಕೊಟ್ಟ. ನಮ್ಮ ಮೇಷ್ಟ್ರು ನಮ್ಮ ಮಕ್ಕಳ ಕೈಗೆ ಕೊಟ್ಟರು. ಇಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ತಿಳಿಯದು. ಆ ಕಡೆಯಿಂದ ಹ, ಹು, ಹಿ ಎಂದು ಕೇಳಿಸಿತು. ನಮ್ಮ ಹುಡುಗಿ ಒಂದು ಕ್ಷಣ ನನ್ನ ಮುಖ ನೋಡಿ, ಆಮೇಲೆ ಫೋನಿಗೆ ಬಾಯಿಟ್ಟು ಗಟ್ಟಿಯಾಗಿ ಹ, ಹಾ, ಹಿ, ಹೀ ಎಂದು ಶುರುಮಾಡಿದಳು.