ಪುಟ್ಟ ವಿಮಾನ ಬಿದ್ದಾಗ ‘ಪೈಲಟ್ ತಪ್ಪು’ ಎಂದು ಫೈಲು ಮುಚ್ಚಿದರೆ ಸಾಕೇ?

ಕಳೆದ ಅಮವಾಸ್ಯೆಗೆ ಅವ್ವನ ಜೊತೆ ಘತ್ತರಗಿಗೆ ಹೋಗಿದ್ದೆ. ಭಾಗ್ಯವಂತಿಯ ದರ್ಶನ ಮುಗಿಸಿ ಭೀಮಾ ದಂಡೆಯಲ್ಲಿ ಬುತ್ತಿ ಬಿಚ್ಚಿದ್ದೆವು. ತಲೆ ಮೇಲೊಂದು ಪುಟ್ಟ ವಿಮಾನ ಗುಂಯ್‌ಗುಡುತ್ತಾ ಹಾದುಹೋಯಿತು. ಪಕ್ಕದಲ್ಲಿ ಕೂತಿದ್ದ ರೈತರೊಬ್ಬರು ಕತ್ತೆತ್ತಿ ನೋಡಿದರು. “ತಮ್ಮಾ, ಅದು ಕಲಿಯೋ ಹುಡುಗರ ವಿಮಾನ ಅಂತಾರಲ್ಲ, ಇಂಜಿನ್ ಬಂದ್ ಆದ್ರ ಎಲ್ಲಿ ಇಳಸ್ತಾರ?”

“ಹೊಲದಾಗೇ ಇಳಸ್ತಾರ್ರೀ ಕಾಕಾ” ಅಂದೆ.

“ಮತ್ತ ನಮ್ಮ ತೊಗರಿ?” ಅಂತ ನಕ್ಕರು.

ನಾನೂ ನಕ್ಕೆ. ಆದರೆ ಪ್ರಶ್ನೆ ಮಾತ್ರ ಮನೆವರೆಗೂ ಬಂತು. ಪುಟ್ಟ ವಿಮಾನಗಳು ಯಾಕೆ ಬೀಳುತ್ತವೆ, ಬಿದ್ದ ಮೇಲೆ ಯಾರು ಯಾರಿಗೆ ಉತ್ತರ ಕೊಡುತ್ತಾರೆ?

2019ರ ನವೆಂಬರ್‌ನಲ್ಲಿ ಕಲಬುರಗಿ ವಿಮಾನ ನಿಲ್ದಾಣ ಶುರುವಾಯಿತು. 2021ರಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರ ಹೊಸ ಪೈಲಟ್ ತರಬೇತಿ ಸಂಸ್ಥೆಗಳಿಗೆ ದೇಶದ ಐದು ನಿಲ್ದಾಣಗಳನ್ನು ಆರಿಸಿತು. ಅದರಲ್ಲಿ ಎರಡು ನಮ್ಮವು: ಬೆಳಗಾವಿ ಮತ್ತು ಕಲಬುರಗಿ. ಅಂದರೆ ಉತ್ತರ ಕರ್ನಾಟಕದ ಆಕಾಶ ಈಗ ಒಂದು ತರಗತಿ. ವಾಣಿಜ್ಯ ಪೈಲಟ್ ಲೈಸೆನ್ಸ್‌ಗೆ 200 ಗಂಟೆ ಹಾರಾಟ ಬೇಕು. ಆ ಗಂಟೆಗಳನ್ನು ಹುಡುಗ ಹುಡುಗಿಯರು ನಮ್ಮ ಎರಿ ಹೊಲಗಳ ಮೇಲೆ ಎಣಿಸುತ್ತಿದ್ದಾರೆ.

ಮೊದಲು ಸ್ವಲ್ಪ ಎಂಜಿನಿಯರಿಂಗ್. ತರಬೇತಿ ವಿಮಾನಗಳಲ್ಲಿ ಹೆಚ್ಚಿನವಕ್ಕೆ ಒಂದೇ ಇಂಜಿನ್. ಅದು ಮೇಲೇರಿದ ಕೂಡಲೇ ಕೈಕೊಟ್ಟರೆ ಮನುಷ್ಯನ ಸಹಜ ಬುದ್ಧಿ ಹೇಳುವುದು ‘ತಿರುಗಿಸು, ರನ್‌ವೇಗೆ ವಾಪಸ್ ಹೋಗು’ ಅಂತ. ಅದೇ ಕೊಲ್ಲುವುದು. ವಿಮಾನವನ್ನು ಎತ್ತರ ಬಿಡದೆ 45 ಡಿಗ್ರಿ ವಾಲಿಸಿ ತಿರುಗಿಸಿದರೆ, ಬೀಳದೆ ಇರಲು ಬೇಕಾದ ಕನಿಷ್ಠ ವೇಗ ಸುಮಾರು ಶೇ 19ರಷ್ಟು ಏರುತ್ತದೆ. 60 ಡಿಗ್ರಿಗೆ ಶೇ 41. ಇಂಜಿನ್ ಸತ್ತಿದೆ, ವೇಗ ಎಲ್ಲಿಂದ ತರೋದು? ಅದಕ್ಕೇ ಕಲಿಸುವ ಪಾಠ: ಎತ್ತರ ಸಾಲದಿದ್ದರೆ ತಿರುಗಬೇಡ, ಮುಂದೆ ಕಾಣುವ ಬಯಲಿಗೆ ಇಳಿಸು.

2023ರ ಮೇ 30ರಂದು ಬೆಳಗಾವಿ ಹತ್ತಿರ ಹೊನ್ನಿಹಾಳದ ಹೊಲದಲ್ಲಿ ತರಬೇತಿ ವಿಮಾನವೊಂದು ತುರ್ತಾಗಿ ಇಳಿಯಿತು. ಒಳಗಿದ್ದ ಇಬ್ಬರೂ ಬದುಕಿದರು. ವಾಟ್ಸ್ಯಾಪ್‌ನಲ್ಲಿ ಅದು ‘ವಿಮಾನ ಪತನ’ ಆಗಿ ಓಡಾಡಿತು. ಆದರೆ ಹೊಲದಲ್ಲಿ ಇಳಿಸಿ ಜೀವ ಉಳಿಸಿಕೊಂಡವರು ಪಾಠ ಸರಿಯಾಗಿ ಕಲಿತವರು. ಹೊಲಕ್ಕೆ ಇಳಿಯುವ ಹೊತ್ತು ಯಾಕೆ ಬಂತು ಅನ್ನೋದು ಬೇರೆಯೇ ಪ್ರಶ್ನೆ. ನಾವು ಕೇಳಬೇಕಿರುವುದು ಅದನ್ನೇ.

ಪತ್ರಿಕೋದ್ಯಮಕ್ಕೆ ಬರುವ ಮೊದಲು ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಿದ್ದೆ. ಒಬ್ಬ ಕಾರ್ಮಿಕನ ಬೆರಳು ಯಂತ್ರಕ್ಕೆ ಸಿಕ್ಕಿತು. ವರದಿಯಲ್ಲಿ ಬರೆದದ್ದು ‘ಕಾರ್ಮಿಕನ ಅಜಾಗರೂಕತೆ’. ಕೆಲಸ ಬೇಗ ಆಗಲಿ ಅಂತ ಯಂತ್ರದ ಕವಚ ತೆಗೆಸಿದವರು ಯಾರು ಅಂತ ಬರೆಯಲಿಲ್ಲ. ‘ಪೈಲಟ್ ತಪ್ಪು’ ಎಂಬ ಪದ ಕೇಳಿದಾಗಲೆಲ್ಲ ನನಗೆ ಆ ಕವಚ ನೆನಪಾಗುತ್ತದೆ.

ತನಿಖೆ ಪೈಲಟ್‌ನ ಹಿಂದಕ್ಕೂ ಹೋಗಬಹುದು ಅನ್ನೋದಕ್ಕೆ ಉದಾಹರಣೆ ನಮ್ಮಲ್ಲೇ ಇದೆ. 2009ರ ಮಾರ್ಚ್ 6ರಂದು ಎನ್‌ಎಎಲ್ ರೂಪಿಸಿದ 14 ಆಸನಗಳ ‘ಸರಸ್’ ವಿಮಾನದ ಎರಡನೇ ಮಾದರಿ ಬಿಡದಿ ಬಳಿ ಬಿತ್ತು. ಹಾರಾಟದಲ್ಲೇ ಒಂದು ಇಂಜಿನ್ ಆರಿಸಿ ಮತ್ತೆ ಚಾಲೂ ಮಾಡುವ ಪರೀಕ್ಷೆ ಅದು. ವಾಯುಪಡೆಯ ಇಬ್ಬರು ಟೆಸ್ಟ್ ಪೈಲಟ್‌ಗಳು, ಒಬ್ಬ ಫ್ಲೈಟ್ ಟೆಸ್ಟ್ ಎಂಜಿನಿಯರ್ ತೀರಿಕೊಂಡರು. ಡಿಜಿಸಿಎ ತನಿಖೆ ಸಿಬ್ಬಂದಿಯ ಲೋಪವನ್ನೂ ಹೇಳಿತು. ಅಷ್ಟಕ್ಕೇ ನಿಲ್ಲಲಿಲ್ಲ. ಇಂಜಿನ್ ಮರುಚಾಲನೆಗೆ ವಿನ್ಯಾಸಕಾರರು ಕೊಟ್ಟ ವಿಧಾನವೇ ತಪ್ಪಾಗಿತ್ತು, ಪ್ರೊಪೆಲ್ಲರ್ ತಯಾರಕರನ್ನು ಕೇಳದೆಯೇ ಅದನ್ನು ರೂಪಿಸಲಾಗಿತ್ತು ಅಂತಲೂ ಬರೆಯಿತು. ಸರಸ್ ಹೊಸ ರೂಪದಲ್ಲಿ ಮತ್ತೆ ಹಾರಿದ್ದು 2018ರ ಜನವರಿಯಲ್ಲಿ.

ಇನ್ನೊಂದು ಉದಾಹರಣೆ ಪ್ರತಿ ಕನ್ನಡಿಗರಿಗೂ ಗೊತ್ತು. 2004ರ ಏಪ್ರಿಲ್ 17. ಚುನಾವಣಾ ಪ್ರಚಾರಕ್ಕೆ ಕರೀಂನಗರಕ್ಕೆ ಹೊರಟಿದ್ದ ನಟಿ ಸೌಂದರ್ಯ ಇದ್ದ ಸೆಸ್ನಾ 180 ಜಕ್ಕೂರಿನಿಂದ ಮೇಲೇರಿದ ಸ್ವಲ್ಪದರಲ್ಲೇ ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿ ಬಿತ್ತು. ಅವರು, ಅಣ್ಣ ಅಮರನಾಥ್ ಸೇರಿ ನಾಲ್ವರೂ ಸತ್ತರು. ಇಪ್ಪತ್ತು ವರ್ಷ ದಾಟಿದೆ. ಇಂದಿಗೂ ಈ ಸಾವು ಚರ್ಚೆಗೆ ಬಂದಾಗ ನಾವು ಕೇಳುವುದು ಜಾತಕದ ಕತೆ, ಹಣೆಬರಹದ ಕತೆ. ವಿಮಾನದ ಸ್ಥಿತಿ ಏನಿತ್ತು, ಹೊತ್ತ ಭಾರ ಎಷ್ಟಿತ್ತು, ಪ್ರಚಾರದ ಅವಸರ ಎಷ್ಟಿತ್ತು ಅಂತ ಯಾರೂ ಕೇಳುವುದಿಲ್ಲ. ಹಣೆಬರಹ ಅಂದುಬಿಟ್ಟರೆ ಯಾರಿಗೂ ನೋಟಿಸ್ ಹೋಗುವುದಿಲ್ಲ ನೋಡಿ!

ಭೀಮಾ ಕಣಿವೆಯಲ್ಲೇ ಮೇಲಕ್ಕಿರುವ ಬಾರಾಮತಿಯಲ್ಲಿ 2023ರ ಅಕ್ಟೋಬರ್‌ನಲ್ಲಿ ನಾಲ್ಕು ದಿನಗಳ ಅಂತರದಲ್ಲಿ ಒಂದೇ ಸಂಸ್ಥೆಯ ಎರಡು ತರಬೇತಿ ವಿಮಾನಗಳು ಬಿದ್ದವು. ಆಮೇಲೆ ಡಿಜಿಸಿಎ ಆ ಸಂಸ್ಥೆಯ ಎಲ್ಲ ನೆಲೆಗಳಲ್ಲೂ ತರಬೇತಿ ನಿಲ್ಲಿಸಿತು. ಎರಡನೆಯದು ಬೀಳುವವರೆಗೆ ಕಾಯಬೇಕಿತ್ತೇ? 2025ರ ಅಕ್ಟೋಬರ್‌ನಲ್ಲಿ ಡಿಜಿಸಿಎ ಮೊದಲ ಬಾರಿಗೆ ತರಬೇತಿ ಸಂಸ್ಥೆಗಳಿಗೆ ಶ್ರೇಣಿ ಕೊಟ್ಟಾಗ ದೇಶದ ಒಂದು ಸಂಸ್ಥೆಗೂ ‘ಎ ಪ್ಲಸ್’ ಇರಲಿ, ‘ಎ’ ಕೂಡ ಸಿಗಲಿಲ್ಲ.

ಇಲ್ಲಿ ರಾಜಕೀಯ ಪ್ರಶ್ನೆ ಬರುತ್ತದೆ. ಅಪಘಾತ ತನಿಖೆಗೆಂದು ಎಎಐಬಿ ಎಂಬ ಪ್ರತ್ಯೇಕ ಸಂಸ್ಥೆ ಬಂದದ್ದು 2012ರಲ್ಲಿ. ಅದಕ್ಕೂ ಮೊದಲು ಇಂಥ ತನಿಖೆಗಳನ್ನು ನಡೆಸುತ್ತಿದ್ದುದು ಡಿಜಿಸಿಎ. ಲೈಸೆನ್ಸ್ ಕೊಡುವವರೇ, ತಪಾಸಣೆ ಮಾಡುವವರೇ ತನಿಖೆಯನ್ನೂ ಮಾಡಿದರೆ ತಮ್ಮ ಲೋಪ ತಾವೇ ಬರೆದುಕೊಳ್ಳುತ್ತಾರಾ? ಈಗ ಎರಡೂ ಬೇರೆ, ಆದರೆ ಎರಡೂ ಒಂದೇ ನಾಗರಿಕ ವಿಮಾನಯಾನ ಸಚಿವಾಲಯದ ಅಡಿಯಲ್ಲಿವೆ. ಮನೆ ಬೇರೆಯಾಯಿತು, ಯಜಮಾನ ಬದಲಾಗಲಿಲ್ಲ.

ಬೇಡಿಕೆ ದೊಡ್ಡದೇನಲ್ಲ. ಎಎಐಬಿ ಸಚಿವಾಲಯದ ಬದಲು ಸಂಸತ್ತಿಗೆ ಉತ್ತರ ಕೊಡಲಿ. ಅಂತರರಾಷ್ಟ್ರೀಯ ನಿಯಮದಂತೆ ಅಂತಿಮ ವರದಿ ಸಾಧ್ಯವಾದರೆ ವರ್ಷದೊಳಗೆ, ಇಲ್ಲದಿದ್ದರೆ ಪ್ರತಿ ವರ್ಷ ಮಧ್ಯಂತರ ಹೇಳಿಕೆ ಬರಲಿ. ಕರ್ನಾಟಕದಲ್ಲಿ ಬಿದ್ದ ವಿಮಾನದ ವರದಿಯ ಸಾರಾಂಶ ಕನ್ನಡದಲ್ಲೂ ಇರಲಿ. ಸಾಲ ಮಾಡಿ ಕಲಿಯಲು ಬಂದ ವಿದ್ಯಾರ್ಥಿ ‘ಈ ಇಂಜಿನ್ ಸದ್ದು ಸರಿಯಿಲ್ಲ, ಇವತ್ತು ಹಾರಲ್ಲ’ ಅಂದರೆ ಅವನ ಸರದಿ ತಪ್ಪದಂತೆ ನಿಯಮ ಬರಲಿ. ಹೊಲ ಕಳೆದುಕೊಂಡ ರೈತನಿಗೆ ಪರಿಹಾರ ಕೊಡುವವರು ಯಾರು ಅಂತ ತಾಲ್ಲೂಕು ಕಚೇರಿಯ ಗೋಡೆ ಮೇಲೆ ಬರೆದಿರಲಿ.

ಘತ್ತರಗಿಯ ಕಾಕಾಗೆ ನಾನು ಅವತ್ತು ಅರ್ಧ ಉತ್ತರ ಕೊಟ್ಟಿದ್ದೆ. ವಿಮಾನ ಹೊಲದಾಗ ಇಳೀತದ, ಖರೆ. ಇಳಿಯೋ ಪ್ರಸಂಗ ಯಾಕ ಬಂತು ಅಂತ ಹೇಳಬೇಕಾದವರು ದಿಲ್ಲಿಯಲ್ಲಿದ್ದಾರೆ. ಅವರನ್ನು ಕೇಳಬೇಕಾದವರು ನಾವು.